ಮುತ್ಯಾನ ಮಾತು, ಟ್ರಂಕಿನ ಕಾಗದ: ಮನೆಯ ನೆನಪನ್ನು ಯಾವ ದಾರಿಯಲ್ಲಿ ಉಳಿಸಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಮುತ್ಯಾಗೆ, ಅಂದರೆ ಅಜ್ಜನಿಗೆ, ತೊಂಬತ್ತರ ಹತ್ತಿರ ಆಯಿತು, ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಟ್ರಂಕಿನಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳಿವೆ, ಏನಾದರೂ ಮಾಡಬೇಕು. ಆಯಿ (ಅಜ್ಜಿ) ಹಾಡುವ ಬೀಸುವ ಪದ ಅವರ ಜೊತೆಗೇ ಹೋಗಬಾರದು. ಹಬ್ಬ ಮುಗಿಯುತ್ತದೆ, ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿಗೆ ವಾಪಸ್ ಹೋಗುತ್ತಾರೆ, ಕೆಲಸ ಹಾಗೇ ಉಳಿಯುತ್ತದೆ. ಎಲ್ಲಿಂದ ಶುರು ಮಾಡುವುದು ಎಂಬುದೇ ತೀರ್ಮಾನವಾಗಿರುವುದಿಲ್ಲ. ಫೋನ್ ಸಾಕೋ, ಕ್ಯಾಮೆರಾದವರನ್ನು ಕರೆಯಬೇಕೋ? ನಾವೇ ಕೇಳಬೇಕೋ, ಹೊರಗಿನವರು ಕೇಳಿದರೆ ಚೆನ್ನವೋ? ಆಮೇಲೆ ಅದನ್ನು ಮನೆಯಲ್ಲಿ ಇಡಬೇಕೋ, ವಿಶ್ವವಿದ್ಯಾಲಯಕ್ಕೆ ಕೊಡಬೇಕೋ, ಯೂಟ್ಯೂಬಿಗೆ ಹಾಕಬೇಕೋ?

ಈ ಆಯ್ಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ. ನನ್ನ ಒಲವು ಯಾವ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಮಾತು ಮೊದಲು, ಕಾಗದ ಆಮೇಲೆ. ಧ್ವನಿ ಮೊದಲು, ವಿಡಿಯೊ ಬೇಕಿದ್ದಲ್ಲಿ ಮಾತ್ರ. ಮೂಲ ಮನೆಯಲ್ಲಿ, ಪ್ರತಿ ಹೊರಗೆ.

ಮಾತು ಮೊದಲೋ, ಕಾಗದ ಮೊದಲೋ

ಒಣಗಿದ ಜಾಗದಲ್ಲಿರುವ ಕಾಗದ ಇನ್ನೊಂದು ವರ್ಷ ಕಾಯುತ್ತದೆ. ತೊಂಬತ್ತರ ಹಿರಿಯರ ವಿಷಯದಲ್ಲಿ ಆ ಧೈರ್ಯ ಮಾಡಲಾಗದು. ನಮ್ಮ ಭಾಗದಲ್ಲಂತೂ ಇದಕ್ಕೆ ಬೇರೆಯೇ ಒಂದು ಆತುರವಿದೆ. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳಲ್ಲಿ ಇಲ್ಲಿನ ಊರುಗಳಲ್ಲಿ ಏನಾಯಿತು ಎಂಬುದನ್ನು ಕಣ್ಣಾರೆ ಕಂಡ ಹತ್ತು ವರ್ಷದ ಹುಡುಗ ಹುಡುಗಿಯರು ಈಗ ಎಂಬತ್ತೈದು ದಾಟಿದ್ದಾರೆ. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ, ಉರ್ದುವಿನಲ್ಲಿ ಶಾಲೆ ಓದಿದ್ದವರು ಕನ್ನಡದ ಕಚೇರಿಗೆ ಹೊಂದಿಕೊಂಡದ್ದನ್ನು ಕಂಡವರೂ ಅದೇ ತಲೆಮಾರಿನವರು. ಕಡತದಲ್ಲಿ ಸರ್ಕಾರದ ಆದೇಶ ಸಿಗುತ್ತದೆ. ಊರು ಬಿಡುವ ರಾತ್ರಿ ಹಗೇವಿನ (ನೆಲದಡಿಯ ಕಣಜದ) ಜೋಳ ಯಾರಿಗೆ ಒಪ್ಪಿಸಿ ಹೋದರು, ಯಾರ ಮನೆಯವರು ಬಾಗಿಲು ತೆಗೆದರು, ವಾಪಸ್ ಬಂದಾಗ ಎತ್ತುಗಳು ಇದ್ದವೋ ಇಲ್ಲವೋ, ಇದು ಯಾವ ಕಡತದಲ್ಲೂ ಇಲ್ಲ.

ಹಾಗೆಂದು 1948 ಒಂದೇ ಇತಿಹಾಸ ಅಂತಲ್ಲ. ಈಗ ಮುಚ್ಚಿಹೋಗಿರುವ ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲಿನಲ್ಲಿ ಪಾಳಿ ಮಾಡಿದವರು, ಶಹಾಬಾದಿನ ಕಲ್ಲುಗಣಿಯಲ್ಲಿ ಫರಸಿ (ನೆಲಕ್ಕೆ ಹಾಸುವ ಕಲ್ಲು) ಒಡೆದವರು, ತಾಂಡಾದಿಂದ ಮುಂಬೈಗೆ ಗುಳೆ ಹೋದವರು, 1972ರ ಬರದಲ್ಲಿ ಬರಗಾಲದ ಕಾಮಗಾರಿಗೆ ಹೋಗಿ ಮಣ್ಣು ಹೊತ್ತವರು, ಇವರಲ್ಲಿ ಹೆಚ್ಚಿನವರು ಒಂದು ಸಾಲನ್ನೂ ಬರೆದಿಟ್ಟಿಲ್ಲ. ನಮ್ಮ ಮನೆಯದೇನು ದೊಡ್ಡ ಕಥೆ ಎಂದು ಅಂದುಕೊಂಡಿರುವವರೇ ಮೊದಲು ರೆಕಾರ್ಡ್ ಮಾಡಬೇಕಾದವರು.

ಈ ಕ್ರಮಕ್ಕೆ ಒಂದೇ ಅಪವಾದ. ಟ್ರಂಕಿಗೆ ಗೆದ್ದಲು ಹತ್ತಿದ್ದರೆ, ಮಳೆನೀರು ಹೋಗಿದ್ದರೆ, ಅವತ್ತೇ ಕಾಗದ ಹೊರಗೆ ತೆಗೆಯಿರಿ. ನೆರಳಲ್ಲಿ ಗಾಳಿಗೆ ಒಣಗಿಸಿ, ಬಿಸಿಲಿಗೆ ಹಾಕಬೇಡಿ.

ಧ್ವನಿ, ವಿಡಿಯೊ, ಬರಹ

ಎಲ್ಲರೂ ಮೊದಲು ವಿಡಿಯೊ ಅನ್ನುತ್ತಾರೆ. ಮುಖ ಕಾಣುತ್ತದೆ, ನಗು ಕಾಣುತ್ತದೆ, ಆ ಆಸೆ ಸಹಜ. ಆದರೆ ಕ್ಯಾಮೆರಾ ಎದುರಿಗೆ ಬಂದ ಕೂಡಲೇ ಆಯಿ ಸೆರಗು ಸರಿಮಾಡಿಕೊಳ್ಳುತ್ತಾರೆ, ಮುತ್ಯಾ ರುಮಾಲು ಸುತ್ತಿ ನೆಟ್ಟಗೆ ಕೂರುತ್ತಾರೆ, ಇಬ್ಬರೂ ಭಾಷಣದ ಕನ್ನಡಕ್ಕೆ ಇಳಿಯುತ್ತಾರೆ. ಫೋನನ್ನು ಪಕ್ಕದಲ್ಲಿ ಮಲಗಿಸಿಟ್ಟು ಧ್ವನಿ ಮಾತ್ರ ರೆಕಾರ್ಡ್ ಮಾಡಿದರೆ ಹತ್ತು ನಿಮಿಷಕ್ಕೆ ಅದು ಅಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಆಮೇಲೆ ಬರುವ ಮಾತೇ ಬೇಕಾದ ಮಾತು.

ಜಾಗದ ಲೆಕ್ಕವೂ ನೋಡಿ. ಒಳ್ಳೆಯ ಗುಣಮಟ್ಟದಲ್ಲಿ, ಅಂದರೆ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಿನಲ್ಲಿ, ಒಂದು ಗಂಟೆಯ ಮೊನೊ ಧ್ವನಿಗೆ ಸುಮಾರು 500 ಎಂಬಿ ಬೇಕು. ಫೋನಿನ ಸಾಮಾನ್ಯ ಎಚ್‌ಡಿ ವಿಡಿಯೊಗೆ ಗಂಟೆಗೆ 4ರಿಂದ 8 ಜಿಬಿ ಬೇಕಾಗಬಹುದು. ಹತ್ತು ಗಂಟೆ ಮಾತಾಡುವ ಹಿರಿಯರ ವಿಡಿಯೊ ಎರಡು ಮೂರು ಕಡೆ ಪ್ರತಿ ಮಾಡಿಡುವುದರಲ್ಲೇ ಮನೆಯವರು ಸೋಲುತ್ತಾರೆ. ಧ್ವನಿಯಾದರೆ ಸಾಗುತ್ತದೆ. ರೆಕಾರ್ಡರ್ ಆ್ಯಪಿನ ಸೆಟ್ಟಿಂಗ್‌ನಲ್ಲಿ ವೇವ್ ಇದ್ದರೆ ಅದನ್ನೇ ಆರಿಸಿ, ಇಲ್ಲವಾದರೆ ಅದರಲ್ಲಿರುವ ಅತಿ ಹೆಚ್ಚಿನ ಗುಣಮಟ್ಟವನ್ನು. ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜ್‌ ಮೂಲ ಪ್ರತಿಯಾಗಬಾರದು. ಅದು ಧ್ವನಿಯನ್ನು ಹಿಂಡಿ ಸಣ್ಣದು ಮಾಡಿರುತ್ತದೆ.

ನಮ್ಮ ಊರುಗಳಲ್ಲಿ ಧ್ವನಿಗೆ ದೊಡ್ಡ ಶತ್ರು ಕೂಲರ್. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೂಲರ್ ಆರಿಸಿ ಕೂರಿ ಎಂದು ವಯಸ್ಸಾದವರಿಗೆ ಹೇಳಲಿಕ್ಕಾಗದು, ಹೇಳಲೂಬಾರದು. ಮಕ್ಕಳಿಗೆ ರಜೆ ಸಿಗುವುದು ಆಗಲೇ ಎಂಬುದು ನಿಜ, ಆದರೂ ದೀಪಾವಳಿಯಿಂದ ಶಿವರಾತ್ರಿವರೆಗಿನ ದಿನಗಳೇ ಇದಕ್ಕೆ ಒಳ್ಳೆಯವು. ತೊಗರಿ ರಾಶಿ ನಡೆಯುವ ವಾರಗಳಲ್ಲಿ ಮಾತ್ರ ಹೊಲದ ಮನೆಯವರ ಬಾಗಿಲು ತಟ್ಟಬೇಡಿ. ಬೇಸಿಗೆಯಲ್ಲೇ ಮಾಡಬೇಕೆಂದರೆ ಬೆಳಗ್ಗೆ ಆರರಿಂದ ಎಂಟರವರೆಗೆ. ಫರಸಿ ನೆಲದ ಖಾಲಿ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ. ಹಾಸಿಗೆ, ಕೌದಿ ಪೇರಿಸಿಟ್ಟ ಸಣ್ಣ ಕೋಣೆ ಎಷ್ಟೋ ವಾಸಿ. ಫೋನನ್ನು ಮಡಚಿದ ಕೌದಿಯ ಮೇಲೆ ಇಡಿ, ಫ್ಲೈಟ್ ಮೋಡಿನಲ್ಲಿ. ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಮೈಕ್ ಸಿಕ್ಕರೆ ಒಳ್ಳೆಯದು.

ವಿಡಿಯೊ ಗೆಲ್ಲುವ ಜಾಗ ಯಾವುದು? ಕೈ ಮಾತಾಡುವಲ್ಲಿ. ಬೀದರಿನ ಬಿದ್ರಿ ಕೆಲಸದವರ ಮನೆಯವರು ನೀವಾಗಿದ್ದರೆ ಧ್ವನಿ ಸಾಲದು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿ ಹಿಡಿಯುವ ಕೋನ, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುವ ಪೆಟ್ಟು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಪಾತ್ರೆ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುವುದು, ಇದನ್ನೆಲ್ಲ ಬಾಯಲ್ಲಿ ಹೇಳಲು ಕುಶಲಕರ್ಮಿಗೇ ಆಗುವುದಿಲ್ಲ. ಯಾವ ಮಣ್ಣು ಹದವಾಗಿದೆ ಎಂದು ನಾಲಿಗೆಗೆ ಹಚ್ಚಿ ನೋಡುವ ಆ ಒಂದು ಕ್ಷಣಕ್ಕೇ ಕ್ಯಾಮೆರಾ ಬೇಕು. ಬೀಸುವ ಪದವೂ ಹಾಗೆಯೇ. ಸುಮ್ಮನೆ ಕೂರಿಸಿ ಹಾಡಿ ಅಂದರೆ ಎರಡು ನುಡಿಗೆ ನಿಲ್ಲುತ್ತದೆ. ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದರೆ ಉಳಿದ ನುಡಿಗಳು ತಾವಾಗಿ ಬರುತ್ತವೆ. ಮೊಹರಂ ರಿವಾಯತ್ ಹಾಡುವವರು, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನಾ ಮೇಳದವರು ಒಬ್ಬೊಬ್ಬರೇ ಹಾಡುವುದಕ್ಕಿಂತ ಮೇಳದಲ್ಲಿ ಹಾಡುವಾಗ ದಾಖಲಿಸಿ. ಮೇಳದವರ ಕೈಬರಹದ ನೋಟ್‌ಬುಕ್ಕಿನ ಫೋಟೊವನ್ನೂ ಅವತ್ತೇ ತೆಗೆದುಕೊಳ್ಳಿ, ಹಾಡಿದ್ದಕ್ಕೂ ಬರೆದದ್ದಕ್ಕೂ ಫರಕು ಇರುತ್ತದೆ.

ಹಳೆಯ ಫೋಟೊ ನೋಡುತ್ತ ಮಾತಾಡಿಸುವಾಗ ಒಂದು ಎಚ್ಚರ. ಮದುವೆಯ ಗುಂಪು ಫೋಟೊ ಮೇಲೆ ಆಯಿ ಬೆರಳಿಟ್ಟು “ಇಂವ ನಮ್ಮ ಸಣ್ಣ ಕಾಕಾ, ಈಕಿ ಅವನ ಹೇಣ್ತಿ” ಅನ್ನುತ್ತಾರೆ. ಬೆರಳು ಎಲ್ಲಿದೆ ಎಂಬುದು ಧ್ವನಿಯಲ್ಲಿ ಇರುವುದಿಲ್ಲ. ಕೇಳುವವರು ಕೂಡಲೇ “ಹಿಂದಿನ ಸಾಲಿನ್ಯಾಗ ಎಡಕ್ಕ ಮೂರನೇದವರು, ಟೋಪಿ ಹಾಕ್ಕೊಂಡವ್ರು, ಹೌದಲ್ಲ ಆಯಿ?” ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟು ಮಾಡಿದರೆ ಆ ಫೋಟೊದ ಅಷ್ಟೂ ಮುಖಗಳಿಗೆ ಹೆಸರು ಉಳಿಯುತ್ತದೆ.

ಬರಹದ ದಾರಿ ಇಬ್ಬರಿಗೆ ಸರಿ. ರೆಕಾರ್ಡ್ ಬೇಡ ಎಂದು ಖಡಾಖಂಡಿತ ಹೇಳುವವರಿಗೆ, ಅಂಥವರ ಮಾತನ್ನು ಅವರ ಒಪ್ಪಿಗೆ ಕೇಳಿ ಅವತ್ತೇ ರಾತ್ರಿ ಬರೆದಿಡಬಹುದು. ಇನ್ನೊಂದು, ನಿವೃತ್ತ ಮೇಷ್ಟ್ರುಗಳಿಗೆ. ಅವರಿಗೆ ಬರೆಯುವುದೇ ಇಷ್ಟ, ನೋಟ್‌ಬುಕ್ ಕೊಟ್ಟುಬಿಡಿ. ಆದರೆ ಬರೆದಾಗ ಜಗಳಗಳು ಬಿಟ್ಟುಹೋಗುತ್ತವೆ, ಎಲ್ಲರೂ ಒಳ್ಳೆಯವರಾಗುತ್ತಾರೆ. ಹಾಗಾಗಿ ಬರೆದದ್ದನ್ನು ಮುಂದಿಟ್ಟುಕೊಂಡು ಒಮ್ಮೆ ಮಾತಾಡಿಸಿ.

ರೆಕಾರ್ಡ್ ಆದದ್ದನ್ನು ಪೂರ್ತಿ ಬರಹಕ್ಕೆ ಇಳಿಸಬೇಕೇ? ಒಂದು ಗಂಟೆಯ ಮಾತಿಗೆ ಆರೇಳು ಗಂಟೆ ಕೆಲಸ ಹಿಡಿಯುತ್ತದೆ, ಎಲ್ಲರಿಂದಲೂ ಆಗದು. ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಕನ್ನಡದಿಂದ ದಖನಿ ಉರ್ದುವಿಗೆ, ಅಲ್ಲಿಂದ ಮರಾಠಿಗೆ ಇಲ್ಲವೇ ತೆಲುಗಿಗೆ ಹೋಗಿಬರುತ್ತಾರೆ. ಮಾತನ್ನು ಅಕ್ಷರ ಮಾಡುವ ಆ್ಯಪುಗಳು ಅಲ್ಲೇ ಎಡವುತ್ತವೆ. ಅದರ ಬದಲು ನಿಮಿಷದ ಪಟ್ಟಿ ಮಾಡಿ: 12ನೇ ನಿಮಿಷ ಬರಗಾಲ, 31ನೇ ನಿಮಿಷ ಅಕ್ಕನ ಮದುವೆ, 40ನೇ ನಿಮಿಷ ಮಿಲ್ಲಿನ ಮುಷ್ಕರ. ಮುಂದೆ ಯಾರಾದರೂ ಪೂರ್ತಿ ಬರೆಯಲು ಕೂತರೆ “ಹೋಗ್ಯಾರ”, “ಬಂದಿದ್ದಿಲ್ಲ” ಎಂಬಂಥ ಮಾತುಗಳನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ ಎಂದು ಅವರಿಗೆ ಬರೆದಿಡಿ. ಆ ನುಡಿಯೂ ಉಳಿಸಬೇಕಾದ ಆಸ್ತಿಯೇ.

ಪ್ರಶ್ನೆ ಕೇಳುವವರು ಯಾರು

ನನ್ನ ಮಟ್ಟಿಗೆ ಉಪಕರಣಕ್ಕಿಂತ ಈ ಆಯ್ಕೆಯೇ ಫಲ ತೀರ್ಮಾನಿಸುತ್ತದೆ. ಮೊಮ್ಮಗ ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ, ಆದರೆ “ಅದು ನಿನಗ ಗೊತ್ತದ ಅಲ್ಲೋ” ಎಂದು ಮುಖ್ಯವಾದದ್ದನ್ನೇ ದಾಟಿಸಿಬಿಡುತ್ತಾರೆ. ಹೊರಗಿನ ವಿದ್ಯಾರ್ಥಿ ಕೇಳಿದರೆ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳುತ್ತಾರೆ, ಆದರೆ ಮನೆಯ ಮಾನ ಕಾಯ್ದುಕೊಂಡು. ಎರಡೂ ಬೇಕು ಅನಿಸಿದರೆ ಮೊದಲ ಸಲ ಮನೆಯವರು, ಎರಡನೇ ಸಲ ಪರಿಚಯದ ಹೊರಗಿನವರು, ಈ ಕ್ರಮ ಒಳ್ಳೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಬಹಳ ದೊಡ್ಡದು. ಮಗ, ಸೊಸೆ ಎದುರಿಗಿದ್ದರೆ ಅತ್ತೆಮನೆಯ ಮೊದಲ ವರ್ಷಗಳ ಕಷ್ಟ ಹೊರಗೆ ಬರುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳೋ, ತಂಗಿಯ ಮಗಳೋ ತವರಿನ ಕಡೆಯಿಂದ ಬಂದು ಕೂತು, ಗಂಡಸರೆಲ್ಲ ಹೊರಗೆ ಹೋದ ಮಧ್ಯಾಹ್ನ ಕೇಳಿದರೆ ಅದೇ ಆಯಿ ಬೇರೆಯೇ ಬದುಕನ್ನು ಹೇಳುತ್ತಾರೆ. ನಾಲ್ಕು ಜನ ಕೂಡುವ ಕಟ್ಟೆಯ ಮಾತು ಇನ್ನೊಂದು ಥರ. ಜಾತ್ರೆ, ಬರ, ಕೆರೆ ಒಡೆದದ್ದು ಇಂಥ ಊರ ಸಂಗತಿಗೆ ಕಟ್ಟೆಯೇ ಸರಿ, ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಸ್ವಂತ ನೋವಿಗೆ ಕಟ್ಟೆ ಜಾಗವಲ್ಲ, ಅಲ್ಲಿ ಗಟ್ಟಿ ದನಿಯವರದೇ ರಾಜ್ಯ.

ಇಸವಿ ಕೇಳಬೇಡಿ. “ಯಾವ ವರ್ಷ ಮದುವಿ ಆತು?” ಅಂದರೆ “ಏನೋಪಾ, ಯಾರಿಗೆ ಗೊತ್ತು” ಎಂದು ಮುಗಿಯುತ್ತದೆ. “ಬರ ಬಿದ್ದಾಗ ನಿಮಗ ಎಷ್ಟು ಮಕ್ಕಳಿದ್ವು ಆಯಿ?” ಅಂದರೆ “ಎರಡು ಇದ್ವು, ಮೂರನೇದ್ದು ಹೊಟ್ಟ್ಯಾಗಿತ್ತು” ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಪಡೆಯವರ) ಗಲಾಟೆ, 72ರ ಬರ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಜಿಲ್ಲೆಗಳನ್ನೂ ನಡುಗಿಸಿದ ಕಿಲ್ಲಾರಿ ಭೂಕಂಪ, ಈ ಮೂರನ್ನು ಗುರುತಾಗಿ ಇಟ್ಟುಕೊಂಡರೆ ಉಳಿದ ಬದುಕನ್ನು ಅದರ ಹಿಂದೆ ಮುಂದೆ ಜೋಡಿಸಬಹುದು.

ಇನ್ನೊಂದು ಹಳೆಯ ದಾರಿಯೂ ಇದೆ, ಹೆಳವರದು. ಮನೆಮನೆಗೆ ಬಂದು ಏಳೆಂಟು ತಲೆಮಾರಿನ ಹೆಸರು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವ ಇವರ ಹೊತ್ತಿಗೆಯಲ್ಲಿ ನಿಮ್ಮ ಮುತ್ಯಾನಿಗೂ ಗೊತ್ತಿಲ್ಲದ ಹೆಸರುಗಳಿರುತ್ತವೆ. ಮನೆತನ ಎಲ್ಲಿಂದ ಬಂತು ಎಂಬುದಕ್ಕೆ ಇವರೇ ಬೇಕು. ಸಾಮಾನ್ಯವಾಗಿ ಅದು ಗಂಡುಮಕ್ಕಳ ಸಾಲು. ತಾಯಂದಿರ ತವರು, ಕೊಟ್ಟ ಹೆಣ್ಣುಮಕ್ಕಳ ಊರು ನೀವೇ ಕೇಳಿ ತುಂಬಬೇಕು. ಅವರು ಬಂದಾಗ ಓದುವುದನ್ನು ರೆಕಾರ್ಡ್ ಮಾಡಲು ಅನುಮತಿ ಕೇಳಿ, ಕೊಡುವುದನ್ನು ಕೈತುಂಬ ಕೊಡಿ. ಅದು ಅವರ ಕುಲದ ಕಸುಬು.

ಕಾಗದಕ್ಕೆ ಫೋನೋ, ಸ್ಕ್ಯಾನರೋ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಬಿಡಿ ಹಾಳೆ, ಪತ್ರ, ಫೋಟೊಗೆ ಸ್ಕ್ಯಾನರ್ ಒಳ್ಳೆಯದು. ಕಾಗದಕ್ಕೆ 300 ಡಿಪಿಐ, ಸಣ್ಣ ಫೋಟೊಗೆ 600. ಹೊಲಿದ ವಹಿ, ಮಡಿಕೆಯಲ್ಲಿ ಹರಿಯುವ ದಸ್ತಾವೇಜಿಗೆ ಫೋನೇ ಸರಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಹಿಂಬದಿಯ ಫೋಟೊ ಬಿಡಬೇಡಿ, ಮೊಹರು, ಸಹಿ ಅಲ್ಲೇ ಇರುತ್ತವೆ. ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡಿಸದೆ ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲೊ ಟೇಪೂ ಬೇಡ. ಫೋಟೊ ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್.

ಉರ್ದು ಕಾಗದಗಳನ್ನು, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳನ್ನು ಓದಲು ಬರುವುದಿಲ್ಲವೆಂದು ಎಸೆಯುವ ಮನೆಗಳಿವೆ. ದಯವಿಟ್ಟು ಎಸೆಯಬೇಡಿ. ನಿಜಾಮರ ಕಾಲದ ಕಾಗದದಲ್ಲಿ ವರ್ಷ ಫಸ್ಲಿ ಎಂಬ ಕಂದಾಯದ ಲೆಕ್ಕದಲ್ಲಿರುತ್ತದೆ. 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. 1358 ಫಸ್ಲಿ ಎಂದು ಕಂಡರೆ ಅದು 1948ರ ಆಸುಪಾಸು. ಹೊಲದ ವಿಷಯಕ್ಕಾದರೆ 1954–55ರ ಖಾಸ್ರಾ ಪಹಣಿ ಇಂದಿಗೂ ಕೋರ್ಟಿನಲ್ಲಿ ಮಾತಾಡುವ ದಾಖಲೆ.

ಮನೆ, ಆನ್‌ಲೈನ್, ಸಂಸ್ಥೆ

ಬೀದರಿನ ಮಹಮೂದ್ ಗವಾನ್ ಮದರಸಾ ಕಟ್ಟಿದ್ದು 1472ರಲ್ಲಿ. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎಂದು ಹೇಳುತ್ತಾರೆ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಮದ್ದಿನ ಸ್ಫೋಟಕ್ಕೆ ಕಟ್ಟಡದ ಒಂದು ಭಾಗವೇ ಕುಸಿಯಿತು; ಉಳಿದ ಮಿನಾರನ್ನೂ ಬಣ್ಣದ ಹೆಂಚುಗಳನ್ನೂ ಇಂದು ನೋಡುತ್ತೇವೆ, ಪುಸ್ತಕಗಳಿಲ್ಲ. ಎಷ್ಟು ಭದ್ರವಾದ ಕಟ್ಟಡವಾದರೂ ಒಂದೇ ಜಾಗದಲ್ಲಿ ಇಡಬೇಡಿ ಎಂಬುದಕ್ಕೆ ನಮ್ಮ ಊರಿನ ಉದಾಹರಣೆಯೇ ಸಾಕು.

ಮನೆಯಲ್ಲಿ ಹಾರ್ಡ್ ಡಿಸ್ಕ್ ಇಟ್ಟರೆ ಹಿಡಿತ ನಿಮ್ಮದು. ಆದರೆ ಡಿಸ್ಕ್ ಕೆಡುತ್ತದೆ, ಪೆನ್‌ಡ್ರೈವ್ ಇನ್ನೂ ಬೇಗ. ತಗಡಿನ ಕೆಳಗಿನ ಅಟ್ಟದಲ್ಲಿ ನಮ್ಮ ಬೇಸಿಗೆಯ ಕಾವಿಗೆ ಎರಡೂ ಉಳಿಯುವುದಿಲ್ಲ. ಗೂಗಲ್ ಡ್ರೈವ್ 15 ಜಿಬಿ ಉಚಿತ, ಬಳಸಲು ಸುಲಭ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬುದನ್ನು ಮರೆಯಬೇಡಿ. ಖಾತೆ ಹೊಂದಿದವರು ತೀರಿಕೊಂಡ ಮನೆಗಳಲ್ಲಿ ಆಗುವುದು ಇದೇ. ಇಂಟರ್ನೆಟ್ ಆರ್ಕೈವ್ ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ, ಶುಲ್ಕವಿಲ್ಲ, ದೊಡ್ಡ ಫೈಲನ್ನೂ ಹಾಗೇ ಇಡುತ್ತದೆ. ಆದರೆ ಅಲ್ಲಿಗೆ ಹೋದದ್ದು ಜಗತ್ತಿಗೇ ತೆರೆದಂತೆ. ಹಾಡು, ಕಸುಬು, ಜಾತ್ರೆಯ ನೆನಪಿಗೆ ಅದು ಸರಿ. ಮನೆಯ ಒಳಮಾತಿಗೆ ಅಲ್ಲ. ಯೂಟ್ಯೂಬ್ ತೋರಿಸುವ ಜಾಗ, ಕಾಪಾಡುವ ಜಾಗವಲ್ಲ.

ಸಂಸ್ಥೆಗಳಲ್ಲಿ ಒಂದೊಂದರ ಕೆಲಸ ಒಂದೊಂದು. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದ ಮುಖ್ಯ ಹೊಣೆ ಸರ್ಕಾರಿ ದಾಖಲೆ. ಹಳೆಯ ಗುಲಬರ್ಗಾ, ಬೀದರ್ ಬಗೆಗಿನ ನಿಜಾಮ್ ಆಡಳಿತದ ಕಡತ ಹುಡುಕುವವರು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಹುಡುಕಲು ಹೋಗುತ್ತೇವೆ, ಮನೆಯ ಧ್ವನಿ ಕೊಡಲು ಅಲ್ಲ. ಜನರ ಮಾತು, ಹಾಡು, ಮನೆಯ ಪತ್ರಗಳಿಗೆ ಗುಲಬರ್ಗಾ ವಿಶ್ವವಿದ್ಯಾಲಯದ, ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕನ್ನಡ, ಇತಿಹಾಸ ವಿಭಾಗಗಳಲ್ಲಿ ಮೊದಲು ವಿಚಾರಿಸುವುದು ಸರಿ. ಆಸಕ್ತಿಯ ಅಧ್ಯಾಪಕರು ಸಿಕ್ಕರೆ ಭಾಗ್ಯ, ಆದರೆ ಅವರ ಕಪಾಟಿಗೆ ಕೊಡಬೇಡಿ, ಗ್ರಂಥಾಲಯದ ರಿಜಿಸ್ಟರಿಗೆ ಕೊಡಿ. ಅಧ್ಯಾಪಕರಿಗೆ ವರ್ಗಾವಣೆ, ನಿವೃತ್ತಿ ಇದ್ದೇ ಇರುತ್ತದೆ.

ನನ್ನ ಸಲಹೆ: ಮೂಲ ಕಾಗದ ಮನೆಯಲ್ಲಿ, ಧ್ವನಿಯ ಒಂದು ಪ್ರತಿ ಮನೆಯ ಡಿಸ್ಕಿನಲ್ಲಿ, ಎರಡನೆಯದು ಬೇರೆ ಊರಿನ ಮಗಳ ಮನೆಯಲ್ಲಿ, ಮೂರನೆಯದು ಆನ್‌ಲೈನ್ ಖಾತೆಯಲ್ಲಿ. ಸಂಸ್ಥೆಗೆ ಕೊಡುವುದು ಇದೆಲ್ಲ ಆದ ಮೇಲೆ.

ರೆಕಾರ್ಡನ್ನು ಯಾರು ಕೇಳಿಸಿಕೊಳ್ಳಬಹುದು ಎಂಬ ತೀರ್ಮಾನ

ನಮ್ಮ ಜಿಲ್ಲೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1948ರಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯೆಯ ನೆನಪು ಇನ್ನೂ ಹಸಿ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನಾ ಕ್ರಮದ, ಅಂದರೆ ಪೊಲೀಸ್ ಕಾರ್ಯಾಚರಣೆಯ, ನಂತರ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು. ಅದರಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ಒಂದೇ ಓಣಿಯಲ್ಲಿ ಎರಡೂ ನೋವಿನ ಮನೆಗಳಿವೆ, ಎರಡನ್ನೂ ಕೇಳಬೇಕು, ಎರಡನ್ನೂ ಉಳಿಸಬೇಕು. ಆದರೆ ಮುತ್ಯಾ ಹೆಸರು ಹಿಡಿದು ಹೇಳಿದವರ ಮೊಮ್ಮಕ್ಕಳು ಇಂದು ನಿಮ್ಮ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಓದುತ್ತಿರಬಹುದು. ಅಂಥ ಭಾಗವನ್ನು ಕತ್ತರಿಸಿ ಎಸೆಯಬೇಡಿ, ಯೂಟ್ಯೂಬಿಗೂ ಹಾಕಬೇಡಿ. ಎಲ್ಲರಿಗೂ ತೆರೆದದ್ದು, ಮನೆಯವರಿಗೆ ಮಾತ್ರ, ಇಷ್ಟು ವರ್ಷ ಮುಚ್ಚಿಡಬೇಕಾದದ್ದು ಎಂದು ಮೂರು ಫೋಲ್ಡರ್ ಮಾಡಿ.

ಅನುಮತಿಯನ್ನು ಎರಡು ಸಲ ಕೇಳಿ. ಶುರುವಿನಲ್ಲಿ ಹೆಸರು, ಊರು, ದಿನಾಂಕದ ಜೊತೆಗೆ ಒಮ್ಮೆ, ಮಾತು ಮುಗಿದ ಮೇಲೆ “ಇದನ್ನ ಯಾರ್‍ಯಾರು ಕೇಳಬಹುದು ಮುತ್ಯಾ, ಯಾವುದು ಬ್ಯಾಡ?” ಎಂದು ಇನ್ನೊಮ್ಮೆ. ತಾನು ಏನು ಹೇಳಿದೆ ಎಂಬುದು ಹೇಳಿದವರಿಗೆ ಮುಗಿದ ಮೇಲಷ್ಟೇ ಪೂರ್ತಿ ಗೊತ್ತಿರುತ್ತದೆ. ಈ ಎರಡೂ ಉತ್ತರ ರೆಕಾರ್ಡಿನಲ್ಲೇ ಇರಲಿ, ಸಹಿ ಮಾಡಲು ಬಾರದವರಿಗೆ ಅದೇ ಸಹಿ.

ಸಂಸ್ಥೆಗೆ ಕೊಡುವ ದಿನ ಒಂದು ಪುಟದ ಪತ್ರ ಮಾಡಿಸಿ. ಕೊಟ್ಟದ್ದು ಪ್ರತಿಯೋ ಮೂಲವೋ, ಯಾವ ಫೋಲ್ಡರ್ ಎಂದಿನವರೆಗೆ ಮುಚ್ಚಿರಬೇಕು, ಯಾರಾದರೂ ಪುಸ್ತಕಕ್ಕೆ ಬಳಸಿದರೆ ಮನೆಯವರಿಗೆ ತಿಳಿಸಬೇಕೋ, ಹೇಳಿದವರು ಇಲ್ಲವಾದ ಮೇಲೆ ತೀರ್ಮಾನ ಯಾರದು, ಸಂಸ್ಥೆ ಮುಚ್ಚಿದರೆ ಎಲ್ಲಿಗೆ ಹೋಗಬೇಕು, ಇಷ್ಟು ಅದರಲ್ಲಿ ಬರಲಿ. ಇಬ್ಬರ ಸಹಿ, ಮೊಹರು ಹಾಕಿಸಿ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕಿನ ಜೊತೆಗೇ ಇಡಿ, ಇನ್ನೊಂದನ್ನು ಬೇರೆ ಊರಿನ ಮಗಳ ಮನೆಗೆ ಕಳಿಸಿ.